ಕಲಬುರಗಿಯಲ್ಲಿ ಗಾಲ್ಫ್ ಕ್ಲಬ್ ಕಟ್ಟಬೇಕು ಅಂತಿದ್ದೇವೆ. ಕಟ್ಟಿ ನೋಡಿದವರು ಯಾರಾದರೂ ಇದ್ದೀರಾ?

ತೊಗರಿನಾಡು | ಶುಕ್ರವಾರ ರಾತ್ರಿ 9:40

ಮೊದಲೇ ಹೇಳಿಬಿಡುತ್ತೇನೆ, ನಗಬೇಡಿ.

ನಾವು ಎಂಟು ಜನ ಗೆಳೆಯರು. ಬೆಂಗಳೂರು, ಹೈದರಾಬಾದ್, ಪುಣೆ ಅಂತ ಹದಿನೈದು ವರ್ಷ ಸುತ್ತಿ ಈಗ ಕಲಬುರಗಿಗೆ ವಾಪಸ್ ಬಂದಿದ್ದೇವೆ. ಇಬ್ಬರಿಗೆ ಗಾಲ್ಫ್ ಆಡಿ ಗೊತ್ತು, ಉಳಿದವರಿಗೆ ಟಿವಿಯಲ್ಲಿ ನೋಡಿ ಗೊತ್ತು. ಸೇಡಂ ರಸ್ತೆ ಕಡೆ ಒಬ್ಬ ಗೆಳೆಯನ ಮನೆಯವರ 34 ಎಕರೆ ಹೊಲ ಇದೆ. ಎರೆ ಭೂಮಿ, ತೊಗರಿ ಹಾಕುತ್ತಾರೆ. ಅಲ್ಲಿ 9 ಹೋಲಿನ ಕೋರ್ಸ್, ಒಂದು ಕ್ಲಬ್ ಹೌಸ್, ಈಜುಕೊಳ, ಎರಡು ಟೆನಿಸ್ ಕೋರ್ಟ್ ಮಾಡುವ ಯೋಚನೆ. 200 ಜನರಿಂದ ತಲಾ 1 ಲಕ್ಷ ಲೈಫ್ ಮೆಂಬರ್‌ಶಿಪ್ ತಗೊಂಡರೆ 2 ಕೋಟಿ ಆಗುತ್ತದೆ. ಕ್ಲಬ್ ಹೌಸಿನ ನಕ್ಷೆ ಆಗಲೇ ಬರೆಸಿದ್ದೇವೆ. ತುಂಬಾ ಚೆನ್ನಾಗಿ ಬಂದಿದೆ.

ಬೆಂಗಳೂರಿನಲ್ಲಿ 1876ರಿಂದ ಗಾಲ್ಫ್ ಕ್ಲಬ್ ಇದೆ. ಮೈಸೂರಿನಲ್ಲಿ 1906ರಿಂದ. ನಮ್ಮ ಊರಿಗೆ 2019ರಲ್ಲಿ ವಿಮಾನವೂ ಬಂತು. ಗಾಲ್ಫ್ ಮಾತ್ರ ಯಾಕೆ ಬರಬಾರದು?

ಇಂಥ ಕ್ಲಬ್ಬು ಸೊನ್ನೆಯಿಂದ ಶುರು ಮಾಡಿದವರು ಇದ್ದರೆ ಹೇಳಿ. ಎಲ್ಲಿಂದ ಶುರು ಮಾಡಬೇಕು?

ಯಾದಗಿರಿ_ಬಿಸಿಲು | ಶುಕ್ರವಾರ ರಾತ್ರಿ 9:52

ಮೇ ತಿಂಗಳಿಂದ ಶುರು ಮಾಡಿ. ಮಧ್ಯಾಹ್ನ ಎರಡು ಗಂಟೆಗೆ ಆ ಹೊಲದಲ್ಲಿ ಚಪ್ಪಲಿ ಬಿಟ್ಟು ನಿಂತು ನೋಡಿ. ಆಮೇಲೆ ನಕ್ಷೆ ತೆಗೆಯಿರಿ.

ತಮಾಷೆ ಅಲ್ಲ ಸರ್. ಓಣಿಯಲ್ಲಿ ಕುಡಿಯುವ ನೀರಿಗೆ ಟ್ಯಾಂಕರ್ ಹಿಂದೆ ಓಡುವ ಊರಿನಲ್ಲಿ ಹುಲ್ಲಿಗೆ ನೀರು ಬಿಡುತ್ತೀರಾ?

ಎರಿಹೊಲ | ಶುಕ್ರವಾರ ರಾತ್ರಿ 10:31

ನಾನು ಜೇವರ್ಗಿ ಕಡೆ ರೈತ. ಗಾಲ್ಫ್ ಅಂದರೆ ಏನು ಅಂತ ಈಗಷ್ಟೇ ಮಗಳನ್ನು ಕೇಳಿ, ಮೊಬೈಲಿನಲ್ಲಿ ನೋಡಿದೆ. ಅಲ್ಲಿ ಹಾಕುವ ಹುಲ್ಲಿನ ಹೆಸರು ಬರ್ಮುಡಾ ಅಂತೆ. ಫೋಟೊ ದೊಡ್ಡದು ಮಾಡಿ ನೋಡಿದೆ. ಯಪ್ಪಾ, ಅದು ನಮ್ಮ ಕರಿಕಿ! ಗಣಪತಿಗೆ ಏರಿಸುವ ಗರಿಕೆ.

ನಮ್ಮಪ್ಪ ಇಡೀ ಜೀವನ ಆ ಕರಿಕಿ ಕಿತ್ತೇ ಬೆನ್ನು ಬಗ್ಗಿಸಿಕೊಂಡ. ಎರಿಹೊಲಕ್ಕೆ ಅದು ಹೊಕ್ಕರೆ ಬೇರು ಮೊಳಗಟ್ಟಲೆ ಕೆಳಗೆ ಇಳಿಯುತ್ತದೆ. ಒಂದು ಗೆಣ್ಣು ಉಳಿದರೂ ಮುಂದಿನ ಮಳೆಗೆ ಮತ್ತೆ ಹಾಜರು. ಅದನ್ನು ತೆಗೆಸಲು ನಾನು ಟ್ರ್ಯಾಕ್ಟರಿಗೆ ದುಡ್ಡು ಕೊಡುತ್ತೇನೆ. ನೀವು ದುಡ್ಡು ಕೊಟ್ಟು, ನೀರು ಬಿಟ್ಟು, ಗೊಬ್ಬರ ಹಾಕಿ ಬೆಳೆಸುತ್ತೀರಿ. ಬೇಕಾದರೆ ನನ್ನ ಹೊಲದ ಬದುವಿನಿಂದ ಪುಕ್ಕಟೆ ತಗೊಂಡು ಹೋಗಿ.

ಇನ್ನೊಂದು ಮಾತು. ಎರಿ ಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ನನ್ನ ಹೊಲದ ಬಿರುಕಿನಲ್ಲಿ ಮೊಣಕೈ ತನಕ ಕೈ ಹೋಗುತ್ತದೆ. ನಿಮ್ಮ ಚೆಂಡು ಕೋಳಿಮೊಟ್ಟೆಗಿಂತ ಸಣ್ಣದು. ಒಳಗೆ ಬಿದ್ದರೆ ಮಳೆಗಾಲದಲ್ಲೇ ಸಿಗೋದು. ಮಳೆಗಾಲದಲ್ಲಿ ಅದೇ ಮಣ್ಣು ಉಬ್ಬಿ ಬೂಟು ಹಿಡಿದು ಎಳೆಯುತ್ತದೆ, ಬೂಟು ಅಲ್ಲೇ ಉಳಿಯುತ್ತದೆ, ಕಾಲು ಮಾತ್ರ ಮೇಲೆ ಬರುತ್ತದೆ. ಮತ್ತೆ ಆಡೋದು ಯಾವಾಗ?

ತೊಗರಿನಾಡು | ಶುಕ್ರವಾರ ರಾತ್ರಿ 10:44

ಕಾಕಾ, ಕರಿಕಿ ವಿಷಯ ನಿಜಕ್ಕೂ ಗೊತ್ತಿರಲಿಲ್ಲ. ನನ್ನ ಗೆಳೆಯ ಎಕರೆಗೆ ಇಷ್ಟು ಅಂತ ಹುಲ್ಲಿನ ಕೊಟೇಶನ್ ತರಿಸಿದ್ದಾನೆ. ಅವನಿಗೆ ಈ ಪೋಸ್ಟ್ ಕಳಿಸಿದೆ. ಇನ್ನೂ ಉತ್ತರ ಬಂದಿಲ್ಲ.

ನೀರಿಗೆ ಎರಡು ಬೋರ್ ಇವೆ. ಸಾಲಲ್ವಾ?

ಲೆಕ್ಕಪತ್ರ | ಶನಿವಾರ ಬೆಳಿಗ್ಗೆ 7:15

ಚಹಾ ಕುಡಿಯುತ್ತಾ ಲೆಕ್ಕ ಹಾಕಿದೆ.

34 ಎಕರೆಯಲ್ಲಿ 20 ಎಕರೆಗೆ ಮಾತ್ರ ನೀರು ಬಿಡುತ್ತೀರಿ ಅಂದುಕೊಳ್ಳೋಣ. ಬಿಸಿಲುಗಾಲದಲ್ಲಿ ಹುಲ್ಲು ದಿನಕ್ಕೆ 5 ಮಿ.ಮೀ. ನೀರು ಕುಡಿಯುತ್ತದೆ ಅಂತ ಕಡಿಮೆಯೇ ಹಿಡಿಯೋಣ. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಅಲ್ಲಿಗೆ ಎಕರೆಗೆ ದಿನಕ್ಕೆ 20 ಸಾವಿರ ಲೀಟರ್ ದಾಟಿತು. 20 ಎಕರೆಗೆ 4 ಲಕ್ಷ ಲೀಟರ್. 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ದಿನಕ್ಕೆ 80 ಟ್ಯಾಂಕರ್.

ದೊಡ್ಡ ಊರುಗಳಲ್ಲಿ ಒಳಚರಂಡಿ ನೀರನ್ನು ಶುದ್ಧ ಮಾಡಿ ಇದಕ್ಕೆ ಬಿಡುತ್ತಾರೆ. ಹಾಗೆ ಪೈಪ್ ಎಳೆಸುವ ಖರ್ಚು ನಿಮ್ಮ 2 ಕೋಟಿಯಲ್ಲಿ ಎಲ್ಲಿ ಬರೆದಿದ್ದೀರಿ?

ನಿಮ್ಮ ಉತ್ಸಾಹಕ್ಕೆ ನೀರೆರಚುತ್ತಿಲ್ಲ. ಎರಚಲು ನೀರಾದರೂ ಎಲ್ಲಿದೆ.

ಕೆಮ್ಮಣ್ಣು | ಶನಿವಾರ ಬೆಳಿಗ್ಗೆ 11:20

ನಾವು ಕಟ್ಟಿದ್ದೇವೆ. ಬೀದರ್ ಪಕ್ಕ, ಕಮಠಾಣ ಕಡೆ. ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

2011ರ ಮಳೆಗಾಲ ಮುಗಿದಿತ್ತು. ನಮ್ಮ ಓಣಿಯ ಹಿರಿಯರೊಬ್ಬರು ಸೇನೆಯಿಂದ ನಿವೃತ್ತಿಯಾಗಿ ಊರಿಗೆ ಬಂದರು. ಎಲ್ಲರಿಗೂ ಅವರು ಕಾಕಾ. ಟ್ರಂಕು, ಹಾಸಿಗೆ, ಕುಕ್ಕರಿನ ಜೊತೆ ಒಂದು ಉದ್ದ ಚೀಲವೂ ಲಾರಿಯಿಂದ ಇಳಿಯಿತು. ಬಂದೂಕು ಅಂತ ಹುಡುಗರೆಲ್ಲ ಸುದ್ದಿ ಹಬ್ಬಿಸಿದರು. ನೋಡಿದರೆ ಕಬ್ಬಿಣದ ಕೋಲುಗಳು.

ಕಾಕಾನ ಭಾಮೈದನದ್ದು 18 ಎಕರೆ ದಿನ್ನೆ ಇತ್ತು. ಬೀದರ್ ನೋಡಿದವರಿಗೆ ಗೊತ್ತು, ಈ ಮೇಲುಭಾಗವೆಲ್ಲ ಜಂಬಿಟ್ಟಿಗೆ ಕಲ್ಲು. ಮೇಲೆ ನಾಲ್ಕು ಬೆರಳು ಕೆಂಪು ಮೊರಂ, ಕೆಳಗೆ ಬರೀ ಕಲ್ಲು. ಬಿತ್ತಿದರೆ ಬಿತ್ತಿದ ಬೀಜವೂ ವಾಪಸ್ ಬರುವುದಿಲ್ಲ. ಕುರಿ ಮೇಯಿಸಲು ಬಿಟ್ಟಿದ್ದರು. ಕಾಕಾ ದಿನಾ ಬೆಳಿಗ್ಗೆ ಅಲ್ಲಿಗೆ ಹೋಗಿ ಒಬ್ಬರೇ ಚೆಂಡು ಹೊಡೆಯುತ್ತಿದ್ದರು. ನಾವು ನೋಡಲು ಹೋದೆವು. ನೋಡಿದವರು ಹಿಡಿದು ನೋಡಿದೆವು. ನನ್ನ ಮೊದಲ ಏಟು ಚೆಂಡಿಗೆ ತಾಗಲೇ ಇಲ್ಲ. ಕಲ್ಲಿಗೆ ತಾಗಿ ಕಿಡಿ ಹಾರಿತು. ಕಾಕಾ ಹೇಳಿದ್ದು ಒಂದೇ ಮಾತು: "ಚೆಂಡ್ ನೋಡು, ಊರು ನೋಡಬ್ಯಾಡ."

ಆ ಚಳಿಗಾಲಕ್ಕೆ ಆರು ಜನ ಆದೆವು. ಆರು ಹೋಲ್ ಮಾಡಿದೆವು, ಅಂದರೆ ಮೊದಲ ಏಟು ಹೊಡೆಯುವ ಜಾಗದಿಂದ ಚೆಂಡು ಬೀಳಬೇಕಾದ ಕುಳಿಯವರೆಗಿನ ಆರು ದಾರಿ. ಸಣ್ಣದು 78 ಗಜ, ದೊಡ್ಡದು 155 ಗಜ. ಮೂರು ಸುತ್ತು ಹಾಕಿದರೆ ಪೂರ್ತಿ ಆಟದ 18 ಆಯ್ತು. ಇದೆಂಥ ಗಾಲ್ಫ್ ಅಂತ ನಕ್ಕವರಿಗೆ ಕಾಕಾ ಹೇಳುತ್ತಿದ್ದರು, ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲೇ ಮೊದಲು ಒಂದು ಸುತ್ತಿಗೆ 22 ಹೋಲ್ ಆಡುತ್ತಿದ್ದರು, 1764ರಲ್ಲಿ ಕೆಲವನ್ನು ಕೂಡಿಸಿ 18 ಮಾಡಿಕೊಂಡರು ಅಂತ. ಅವರವರ ನೆಲ, ಅವರವರ ಲೆಕ್ಕ.

ಇನ್ನು ಆ ಕುಳಿಯ ಕಥೆ ಕೇಳಿ, ಅದಕ್ಕೂ ಹೋಲ್ ಅಂತಲೇ ಹೆಸರು. ನಿಯಮದ ಪ್ರಕಾರ ಅದರ ಅಡ್ಡಳತೆ 108 ಮಿ.ಮೀ. ಇರಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ 110ರ ಪಿವಿಸಿ ಪೈಪ್ ಸಿಗುತ್ತದೆ, ಅದು ಹೊರಗಿನ ಅಳತೆ, ಒಳಗೆ ಸ್ವಲ್ಪ ಕಡಿಮೆ. ಅದನ್ನೇ ಗೇಣುದ್ದ ಕತ್ತರಿಸಿ ಹೂತೆವು. ನಮ್ಮಲ್ಲಿ ಆಡಿ ಅಭ್ಯಾಸ ಆದವರು ಹೊರಗೆ ಹೋದರೆ ಹೋಲು ಬಾವಿಯಷ್ಟು ಅಗಲ ಕಾಣಿಸುತ್ತದೆ ಅನ್ನುತ್ತಾರೆ! ಧ್ವಜಕ್ಕೆ ಬಿದಿರು ಕೋಲು, ತುದಿಗೆ ಗೊಬ್ಬರದ ಚೀಲದ ತುಂಡು. ಕೋಲುಗಳನ್ನು ಹೈದರಾಬಾದಿನ ಜುಮೇರಾತ್ ಬಜಾರಿನಲ್ಲಿ ಹಳೇ ಸಾಮಾನಿನ ಗುಡ್ಡೆಯಿಂದ ಆರಿಸಿ ತಂದೆವು. ಒಂದೊಂದು ಒಂದೊಂದು ಕಂಪನಿಯದು. ನನ್ನ ಸೆಟ್ಟಿನಲ್ಲಿ ಎಡಗೈಯವರದೊಂದು ಸೇರಿಕೊಂಡಿತ್ತು. ಎರಡು ತಿಂಗಳು ಗೊತ್ತಾಗಲಿಲ್ಲ.

ಹುಲ್ಲು ಬೆಳೆಸಲೇ ಇಲ್ಲ. ಹೋಲಿನ ಸುತ್ತ ಹದಿನೈದು ಅಡಿ ಕಲ್ಲು ತೆಗೆದು, ಮೊರಂ ಜರಡಿ ಹಿಡಿದು ಹರಡಿ, ಗ್ಯಾರೇಜಿನಿಂದ ಹಳೇ ಎಂಜಿನ್ ಆಯಿಲ್ ತಂದು ಚಿಮುಕಿಸಿ, ಹಲಗೆಯಿಂದ ಎಳೆದು ನುಣುಪು ಮಾಡಿದೆವು. ಚೆಂಡು ಕೇರಂ ಪಾನಿನ ಹಾಗೆ ಹೋಗುತ್ತಿತ್ತು.

ಊಟಕ್ಕೆ ಕರೆಯುತ್ತಿದ್ದಾರೆ. ಉಳಿದದ್ದು ಆಮೇಲೆ.

ಕೆಜಿಎಫ್_ಟು_ವಾಡಿ | ಶನಿವಾರ ಮಧ್ಯಾಹ್ನ 12:05

ಕೆಮ್ಮಣ್ಣು ಸರ್, ನಿಮ್ಮ ಪೋಸ್ಟ್ ಓದಿ ಕಣ್ಣಲ್ಲಿ ನೀರು ಬಂತು. ನಾನು ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆ ಕೆಲಸದಲ್ಲಿರುವವನು. ಹುಟ್ಟಿ ಬೆಳೆದದ್ದು ಕೆಜಿಎಫ್.

ಹೋಲಿನ ಸುತ್ತ ನೀವು ಮಾಡಿದ ಆ ನುಣುಪು ನೆಲಕ್ಕೆ ಹೆಸರಿದೆ. ಅದಕ್ಕೆ 'ಬ್ರೌನ್' ಅನ್ನುತ್ತಾರೆ. ಹುಲ್ಲಿದ್ದರೆ ಗ್ರೀನ್, ಮರಳಿದ್ದರೆ ಬ್ರೌನ್. ನಮ್ಮ ಕೆಜಿಎಫ್ ಗಾಲ್ಫ್ ಕೋರ್ಸಿನಲ್ಲಿ ಇದ್ದದ್ದೂ ಅದೇ. ಗಣಿ ನಡೆಸಲು ಬಂದ ಬ್ರಿಟಿಷರು ಆಟ ತಂದರು, ಆದರೆ ಒಣ ನೆಲದಲ್ಲಿ ಅವರ ಊರಿನ ಹುಲ್ಲು ಎಲ್ಲಿಂದ ಬರಬೇಕು? ಆಡಿ ಮುಗಿಸಿದವರು ಹೆಜ್ಜೆ ಗುರುತು ಅಳಿಸಿ ಹೋಗಬೇಕು, ಹಿಂದೆ ಬರುವವರಿಗೆ ನುಣುಪಾಗಿ ಸಿಗಬೇಕು. ಗಣಿ 2001ರಲ್ಲಿ ಮುಚ್ಚಿತು. ನಾವು ಊರು ಬಿಟ್ಟೆವು. ಆ ಎಣ್ಣೆ ಮರಳಿನ ವಾಸನೆ ಮಾತ್ರ ಇನ್ನೂ ಮೂಗಿನಲ್ಲಿದೆ.

ಆಸ್ಟ್ರೇಲಿಯಾದಲ್ಲಿ ಕೂಬರ್ ಪೀಡಿ ಅಂತ ಒಂದು ಊರಿದೆ. ಮರುಭೂಮಿ. ಅಲ್ಲಿನ ಕೋರ್ಸಿನಲ್ಲಿ ಹುಲ್ಲೇ ಇಲ್ಲ. ಆಡುವವರು ಚಾಪೆಯಂಥ ಹುಲ್ಲಿನ ತುಂಡನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಅದರ ಮೇಲೆ ಚೆಂಡು ಇಟ್ಟು ಹೊಡೆಯುತ್ತಾರೆ. ತೊಗರಿನಾಡು, ನೀವು ಗೂಗಲ್ ಮಾಡಬೇಕಾದ್ದು ಅದನ್ನು. ಬೆಂಗಳೂರಿನದನ್ನಲ್ಲ.

ಬಿದರಿ_ಅಕ್ಕ | ಶನಿವಾರ ಮಧ್ಯಾಹ್ನ 1:30

ಎಲ್ಲರೂ ಖುಷಿಯಾಗಿ ಎಣ್ಣೆ ಸುರಿಯುತ್ತಿದ್ದೀರಿ, ಒಬ್ಬರೂ ಕೇಳಲಿಲ್ಲ. ಸುಟ್ಟ ಎಂಜಿನ್ ಆಯಿಲ್ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. 2016ರ ನಿಯಮಗಳಲ್ಲಿ ಅದನ್ನು ಹೇಗೆ ಸಂಗ್ರಹಿಸಬೇಕು, ಯಾರಿಗೆ ಕೊಡಬೇಕು ಅಂತ ಇದೆ. ಜಂಬಿಟ್ಟಿಗೆ ಕಲ್ಲು ಜೇನುಗೂಡಿನ ಹಾಗೆ, ಎಲ್ಲವನ್ನೂ ಕೆಳಗೆ ಬಿಡುತ್ತದೆ. ಬೀದರಿನಲ್ಲಿ 15ನೇ ಶತಮಾನದಲ್ಲೇ ಅದೇ ಕಲ್ಲಿನ ಹೊಟ್ಟೆಯಲ್ಲಿ ಸುರಂಗ ಕೊರೆದು ಕುಡಿಯುವ ನೀರು ತಂದಿದ್ದಾರೆ. ನೌಬಾದಿನ ಕಾರೇಜ್ ಹೋಗಿ ನೋಡಿ. ಅಂಥ ನೆಲದ ಮೇಲೆ ಗ್ಯಾರೇಜ್ ಎಣ್ಣೆಯಾ?

ಇನ್ನೊಂದು. ಇಷ್ಟುದ್ದದ ಕಥೆಯಲ್ಲಿ ಒಬ್ಬ ಹೆಂಗಸೂ ಬರಲಿಲ್ಲವಲ್ಲ, ಕೆಮ್ಮಣ್ಣು ಅಣ್ಣಾ?

ಕೆಮ್ಮಣ್ಣು | ಶನಿವಾರ ಸಂಜೆ 6:10

ಅಕ್ಕಾ, ಬೈದದ್ದು ಸರಿ. ಎರಡಕ್ಕೂ ಉತ್ತರ ಇದೆ.

ಎಣ್ಣೆ 2014ರಲ್ಲಿ ನಿಲ್ಲಿಸಿದೆವು. ನಮ್ಮಲ್ಲೇ ಒಬ್ಬರು ಪಶು ವೈದ್ಯರು. ಅಲ್ಲಿ ಮೇಯುವ ಕುರಿಗಳು ಎಣ್ಣೆ ಹತ್ತಿದ ಹುಲ್ಲು ತಿಂದರೆ ಏನಾಗುತ್ತದೆ ಅಂತ ಅವರು ಒಂದು ಸಂಜೆ ಕೂತು ವಿವರಿಸಿದರು. ಯಾರಿಗೂ ಚಹಾ ಇಳಿಯಲಿಲ್ಲ. ಮೇಲಿನ ಮಣ್ಣನ್ನೆಲ್ಲ ಕೆರೆದು ಚೀಲಕ್ಕೆ ತುಂಬಿಸಿದೆವು. ಆ ಚೀಲಗಳನ್ನು ತಗೊಳ್ಳುವವರನ್ನು ಹುಡುಕಲು ನಾಲ್ಕು ತಿಂಗಳು ಹಿಡಿಯಿತು. ಈಗ ಬರೀ ಜರಡಿ ಹಿಡಿದ ಮೊರಂ. ಬೆಳಿಗ್ಗೆ ಆರಕ್ಕೆ ಒಂದು ಕೊಡ ನೀರು ಚಿಮುಕಿಸಿ ಎಳೆದರೆ ಒಂಬತ್ತರ ತನಕ ಗಟ್ಟಿ ನಿಲ್ಲುತ್ತದೆ. ಒಂಬತ್ತರ ಮೇಲೆ ಬಿಸಿಲಿಗೆ ನಾವೂ ನಿಲ್ಲುವುದಿಲ್ಲ. ಲೆಕ್ಕಪತ್ರ ಅವರಿಗೆ: ಆರಿದ್ದ ಹೋಲು ಈಗ ಒಂಬತ್ತಾಗಿವೆ, ಒಂಬತ್ತು ಹೋಲಿಗೆ ದಿನಕ್ಕೆ ಒಂಬತ್ತು ಕೊಡ.

ಹುಲ್ಲು ಕತ್ತರಿಸುವ ಯಂತ್ರ ನಮ್ಮಲ್ಲಿಲ್ಲ, ಕುರಿಗಳಿವೆ. ಕುರಿಗಾಹಿಗೆ ಮೊದಲು ನಮ್ಮ ಮೇಲೆ ಸಿಟ್ಟಿತ್ತು. ಎಲ್ಲಿಂದಲೋ ಬಂದು ನೆಲ ಹಿಡಿದರು ಅಂತ. ಕಾಕಾ ಅವನ ಜೊತೆ ಕೂತು ಬೀಡಿ ಸೇದಿ ಒಪ್ಪಂದ ಮಾಡಿಕೊಂಡರು. ಬೆಳಿಗ್ಗೆ ಒಂಬತ್ತರವರೆಗೆ ನಮ್ಮದು, ಆಮೇಲೆ ಕುರಿಗಳದು. ಮಳೆಗಾಲದಲ್ಲಿ ಚಿಗುರುವ ಹುಲ್ಲನ್ನು ಅವು ಎಷ್ಟು ಸಮ ಕತ್ತರಿಸುತ್ತವೆ ಅಂದರೆ ಕ್ಷೌರ ಮಾಡಿದ ಹಾಗಿರುತ್ತದೆ. ಚೆಂಡು ಹಿಕ್ಕೆಯ ಮೇಲೆ ನಿಂತರೆ ಎತ್ತಿ ಪಕ್ಕಕ್ಕಿಡಬಹುದು, ದಂಡವಿಲ್ಲ. ನಮ್ಮ ಮೊದಲ ಲಿಖಿತ ನಿಯಮ ಅದೇ.

ಇನ್ನು ಹೆಂಗಸರು. ಮೊದಲ ಎರಡು ವರ್ಷ ನಿಜವಾಗಿಯೂ ಯಾರೂ ಇರಲಿಲ್ಲ. 'ಬನ್ನಿ' ಅಂತ ನಾವೂ ಕರೆದಿರಲಿಲ್ಲ. ಎಳ್ಳಮವಾಸ್ಯೆಗೆ ಎಲ್ಲರೂ ಹೊಲಕ್ಕೆ ಹೋಗುವುದು ಇದ್ದದ್ದೇ. ಒಂದು ವರ್ಷ ಆರೂ ಮನೆಯವರು ಆ ದಿನ್ನೆಗೇ ಬುತ್ತಿ ತಂದರು. ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ. ಚರಗ ಚೆಲ್ಲಿ ಉಂಡಾದ ಮೇಲೆ ಗಂಡಸರು ಮರದಡಿ ಅಡ್ಡಾದರು. ನನ್ನ ಅತ್ತಿಗೆ ಸೆರಗು ಸಿಕ್ಕಿಸಿ ಒಂದು ಕೋಲು ತಗೊಂಡಳು. ಮೂರನೇ ಏಟಿಗೆ ಚೆಂಡು 90 ಗಜ ದಾಟಿತು. ಕಾಕಾ ಎದ್ದು ಕೂತರು. ಜೋಳ ಬಡಿದ ಕೈ, ಸೊಂಟ ತಿರುಗಿಸುವುದು ಯಾರೂ ಕಲಿಸಬೇಕಿರಲಿಲ್ಲ.

ಮರುವಾರ ನಾಲ್ವರು ಹೆಂಗಸರು ಬಂದರು. ಬಂದವರು ಕೇಳಿದ ಮೊದಲ ಪ್ರಶ್ನೆ, ಶೌಚಾಲಯ ಎಲ್ಲಿ? ನಮಗೆ ಅದು ಹೊಳೆದೇ ಇರಲಿಲ್ಲ. ನಮ್ಮ ಕ್ಲಬ್ಬಿನ ಮೊದಲ ಕಟ್ಟಡ ಅದು. ಕ್ಲಬ್ ಹೌಸ್ ಅಲ್ಲ, ಬಾರ್ ಅಲ್ಲ. ಶಹಾಬಾದ್ ಫರಸಿ ಹಾಸಿದ ಒಂದು ಶೌಚಾಲಯ, ಮೇಲೆ ಸಿಂಟೆಕ್ಸ್.

ಬಿದರಿ_ಅಕ್ಕ | ಶನಿವಾರ ಸಂಜೆ 6:25

ಈಗ ಸರಿ ಹೋಯ್ತು. ಅತ್ತಿಗೆಯವರಿಗೆ ನನ್ನ ನಮಸ್ಕಾರ ಹೇಳಿ.

2021ರ ಆಗಸ್ಟಿನಲ್ಲಿ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್ ಗಾಲ್ಫ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ನಿಂತಾಗ ನಾನು ಬೆಳಿಗ್ಗೆ ಎದ್ದು ಟಿವಿ ಮುಂದೆ ಕೂತಿದ್ದೆ. ಆಟದ ಒಂದು ನಿಯಮವೂ ಗೊತ್ತಿರಲಿಲ್ಲ. ನಮ್ಮ ಕರ್ನಾಟಕದ ಹುಡುಗಿ ಅಂತ ಅಷ್ಟೇ.

ಲೆಕ್ಕಪತ್ರ | ಶನಿವಾರ ರಾತ್ರಿ 8:00

ಒಂಬತ್ತು ಕೊಡ! ನನ್ನ ಲೆಕ್ಕ ವಾಪಸ್ ತಗೊಂಡೆ.

ಈಗ ದುಡ್ಡಿನ ಕಡೆಗೆ ಬನ್ನಿ ಕೆಮ್ಮಣ್ಣು ಅವರೇ. ಕ್ಲಬ್ಬುಗಳು ನೀರಿಲ್ಲದೆ ಒಣಗುವುದಕ್ಕಿಂತ ದುಡ್ಡಿನ ಜಗಳದಲ್ಲಿ ಒಣಗುವುದು ಜಾಸ್ತಿ. ನಾನು ಇಂಥ ಸಂಘಗಳ ಲೆಕ್ಕ ನೋಡುವವನು.

ಕೆಮ್ಮಣ್ಣು | ಶನಿವಾರ ರಾತ್ರಿ 9:35

ಕೇಳಬಾರದ್ದು ಕೇಳಿದಿರಿ. ಆದರೆ ತೊಗರಿನಾಡು ಅವರಿಗೆ ಇದೇ ಮುಖ್ಯ, ಹೇಳುತ್ತೇನೆ.

2015ಕ್ಕೆ ನಾವು 40 ಜನ. ಹೊಸದಾಗಿ ಸೇರಿದವರಲ್ಲಿ ವ್ಯಾಪಾರಸ್ಥರು ಜಾಸ್ತಿ. ಮರದ ಕೆಳಗೆ ಚಹಾ ಕುಡಿಯುವುದು ಅವರಿಗೆ ಹಿಡಿಸಲಿಲ್ಲ. ಅತಿಥಿ ಬಂದರೆ ಎಲ್ಲಿ ಕೂರಿಸೋಣ ಅಂದರು. ತಪ್ಪಲ್ಲ. ತಲಾ 25 ಸಾವಿರ ಹಾಕಿ ಹಾಲ್ ಕಟ್ಟಿಸುವುದು ಅಂತ ಆಯ್ತು. ನಮ್ಮದಿನ್ನೂ ನೋಂದಣಿಯೇ ಆಗಿರಲಿಲ್ಲ. ಬ್ಯಾಂಕ್ ಖಾತೆ ಒಬ್ಬರ ಹೆಸರಿನಲ್ಲಿತ್ತು. ಒಬ್ಬ ಗುತ್ತಿಗೆದಾರನಿಗೆ 6 ಲಕ್ಷ ಮುಂಗಡ ಕೊಟ್ಟೆವು, ಕಾಗದ ಪತ್ರ ಇಲ್ಲ, ಗುರುತಿನವನು ಅಂತ. ಅವನು ಪಾಯ ತೋಡಿದ, ಎರಡು ಲೋಡ್ ಕಲ್ಲು ಇಳಿಸಿದ, ಆಮೇಲೆ ಫೋನ್ ಎತ್ತಲಿಲ್ಲ.

ಆ ಪಾಯದ ಗುಂಡಿ ಇವತ್ತಿಗೂ ಇದೆ. ಐದನೇ ಹೋಲಿನ ಎಡಕ್ಕೆ. ಮಳೆ ನೀರು ನಿಲ್ಲುತ್ತದೆ. ಅದಕ್ಕೆ 'ಆರು ಲಕ್ಷ' ಅಂತಲೇ ಹೆಸರು. ಚೆಂಡು ಅದರಲ್ಲಿ ಬಿದ್ದರೆ ಒಂದು ಏಟು ದಂಡ. ಹೊಸಬರು ಕೇಳುತ್ತಾರೆ, ಎಲ್ಲಿ ಬಿತ್ತು? ಆರು ಲಕ್ಷದಲ್ಲಿ ಬಿತ್ತು.

40 ಇದ್ದವರು 17ಕ್ಕೆ ಇಳಿದೆವು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮದುವೆ ಮನೆಗಳಲ್ಲಿ ಬೇರೆ ಬೇರೆ ಪಂಕ್ತಿ. ಕಾಕಾ ಮಾತ್ರ ದಿನಾ ಬೆಳಿಗ್ಗೆ ಬಂದು ಒಂಬತ್ತೂ ಬ್ರೌನ್ ತಾವೇ ಎಳೆದು, ಒಬ್ಬರೇ ಆಡಿ ಹೋಗುತ್ತಿದ್ದರು. ಅರವತ್ತು ದಾಟಿದ ಮನುಷ್ಯ. ಅದನ್ನು ನೋಡಿ ನಾಚಿಕೆಯಾಗಿ ಒಬ್ಬೊಬ್ಬರೇ ವಾಪಸ್ ಬಂದೆವು. ಬಂದವರು ಮೊದಲು ಹಲಗೆ ಹಿಡಿದೆವು, ಆಮೇಲೆ ಕೋಲು.

ಈಗ 62 ಜನ ಇದ್ದೇವೆ. ಸೇರುವಾಗ 3,000, ತಿಂಗಳಿಗೆ 250. ಲೈಫ್ ಮೆಂಬರ್‌ಶಿಪ್ ಇಲ್ಲ, ಕೇಳಿದರೂ ಕೊಡುವುದಿಲ್ಲ. ಒಮ್ಮೆ ದುಡ್ಡು ಕೊಟ್ಟವನು ಮತ್ತೆ ಹಲಗೆ ಹಿಡಿಯುವುದಿಲ್ಲ.

ಯಾದಗಿರಿ_ಬಿಸಿಲು | ಶನಿವಾರ ರಾತ್ರಿ 9:41

'ಆರು ಲಕ್ಷದಲ್ಲಿ ಬಿತ್ತು.' ಹೆಂಡತಿಗೆ ಓದಿ ಹೇಳಿದೆ. ನಗು ನಿಲ್ಲುತ್ತಿಲ್ಲ.

ಲೆಕ್ಕಪತ್ರ | ಶನಿವಾರ ರಾತ್ರಿ 10:20

ತೊಗರಿನಾಡು, ನಗು ಮುಗಿದ ಮೇಲೆ ಇದನ್ನು ಬರೆದಿಟ್ಟುಕೊಳ್ಳಿ.

ಯಾರಾದರೂ ಒಂದು ರೂಪಾಯಿ ಕೊಡುವ ಮುಂಚೆ ಸಂಘ ನೋಂದಣಿ ಆಗಬೇಕು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960. ಕನಿಷ್ಠ ಏಳು ಜನ ಬೇಕು, ನೀವು ಎಂಟಿದ್ದೀರಿ. ಬೈಲಾ ಬರೆಯುವಾಗ ಯಾರದೋ ನಕಲು ಮಾಡಬೇಡಿ. ಒಬ್ಬ ಸದಸ್ಯ ಬಿಟ್ಟು ಹೋದರೆ ದುಡ್ಡು ವಾಪಸ್ ಉಂಟೋ ಇಲ್ಲವೋ, ಅತಿಥಿಗಳ ಖರ್ಚು ಯಾರದು, ಪದಾಧಿಕಾರಿ ಎಷ್ಟು ವರ್ಷ ಕೂರಬಹುದು, ಇವು ಮೂರನ್ನು ಸ್ಪಷ್ಟವಾಗಿ ಬರೆಯಿರಿ. ಜಗಳ ಹುಟ್ಟುವುದು ಇಲ್ಲೇ. ಚೆಕ್ಕಿಗೆ ಇಬ್ಬರ ಸಹಿ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ, ಆಡಿಟ್.

ಜಮೀನಿನದು ಇನ್ನೂ ದೊಡ್ಡದು. ಹೊಲವನ್ನು ಕ್ಲಬ್ಬಿಗೆ ಸುಮ್ನೆ ಗುತ್ತಿಗೆಗೆ ಕೊಡಲು ಬರುವುದಿಲ್ಲ. ಭೂಸುಧಾರಣೆ ಕಾಯ್ದೆ ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು ತಡೆಯುತ್ತದೆ. ಮೊದಲು ಎನ್‌ಎ ಆಗಬೇಕು, ಅಂದರೆ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಭೂಪರಿವರ್ತನೆ. ಬಾರ್ ಬೇಕು ಅಂದರೆ ಅಬಕಾರಿಯವರ ಸಿಎಲ್-4 ಲೈಸೆನ್ಸ್, ಅದು ಕ್ಲಬ್ಬುಗಳಿಗೆಂದೇ ಇರುವುದು. ಬೀದರ್ ಕಡೆಯಾದರೆ ಸ್ಮಾರಕಗಳನ್ನೂ ನೋಡಿಕೊಳ್ಳಿ. ರಾಷ್ಟ್ರೀಯ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಇಲ್ಲ, ಅದರಾಚೆ 200 ಮೀಟರ್‌ವರೆಗೆ ಅನುಮತಿ ಬೇಕು. ಹೈದರಾಬಾದಿನಲ್ಲಿ ಗೋಲ್ಕೊಂಡದ ನಯಾ ಕಿಲಾ ಒಳಗೆ ಗಾಲ್ಫ್ ಕೋರ್ಸ್ ಆದ ಮೇಲೆ ಎಷ್ಟು ವರ್ಷ ತಕರಾರು ನಡೆಯಿತು, ಗೊತ್ತಲ್ಲ.

ಕೆಮ್ಮಣ್ಣು | ಶನಿವಾರ ರಾತ್ರಿ 10:34

ಎನ್‌ಎ ವಿಷಯದಲ್ಲಿ ನಾವೂ ಎಡವಿದವರೇ. ಮೊದಲ ವರ್ಷಗಳಲ್ಲಿ ಭಾಮೈದನ ಅತಿಥಿಗಳ ಹಾಗೆ ಆಡುತ್ತಿದ್ದೆವು, ಅಷ್ಟೇ. 2015ರ ಪೆಟ್ಟು ತಿಂದ ಮೇಲೆ ಮೊದಲು ಭೂಪರಿವರ್ತನೆ, ಆಮೇಲೆ ಸಂಘ, ಆಮೇಲೆ ಸಂಘದ ಹೆಸರಿಗೆ ಗುತ್ತಿಗೆ ಪತ್ರ. ಇಷ್ಟಕ್ಕೇ ಮೂರು ವರ್ಷ ಹೋಯಿತು. ಬಾರ್ ಬೇಕೋ ಬೇಡವೋ ಅಂತ ಮತಕ್ಕೆ ಹಾಕಿದೆವು. ಬಾರ್ ಎರಡು ಮತದಿಂದ ಬಿದ್ದುಹೋಯಿತು. ಆ ಎರಡು ಯಾರದು ಅಂತ ಎಲ್ಲರಿಗೂ ಗೊತ್ತು, ಮನೆಯಲ್ಲಿ ಹೆದರಿಕೆ ಇದ್ದವರದು.

ಚೆಂಡು_ಹುಡುಗ | ಭಾನುವಾರ ಬೆಳಿಗ್ಗೆ 10:15

ಈಗಷ್ಟೇ ಆಡಿ ಬಂದೆ. ನಾನು ಕೆಮ್ಮಣ್ಣು ಮಾಮಾ ಹೇಳಿದ ಅದೇ ಕ್ಲಬ್ಬಿನವನು. ಹನ್ನೊಂದನೇ ವಯಸ್ಸಿನಿಂದ ಅಲ್ಲಿ ಚೆಂಡು ಆರಿಸುತ್ತಿದ್ದೆ. ಚೆಂಡಿಗೆ ಎರಡು ರೂಪಾಯಿ.

ಚೆಂಡು ಹುಡುಕುವುದು ಕಣ್ಣಿನ ಕೆಲಸ ಅಂತ ಎಲ್ಲರೂ ತಿಳಿದಿದ್ದಾರೆ. ಅದು ಕಿವಿಯ ಕೆಲಸ. ಬಂಡೆಗೆ ಬಿದ್ದರೆ 'ಟಕ್' ಅನ್ನುತ್ತದೆ, ಮತ್ತೆ ಎಗರುತ್ತದೆ, ಇಪ್ಪತ್ತು ಹೆಜ್ಜೆ ಮುಂದೆ ನೋಡಬೇಕು. ಮೊರಂಗೆ ಬಿದ್ದರೆ 'ಧಪ್', ಅಲ್ಲೇ ಇರುತ್ತದೆ. ಸದ್ದೇ ಬರದಿದ್ದರೆ ಜಾಲಿ ಗಿಡದ ಬುಡ. ಅಲ್ಲಿಗೆ ಕೋಲಿಲ್ಲದೆ ಕೈ ಹಾಕಬಾರದು, ಹಾವಿರುತ್ತದೆ.

ಶಾಲೆ ಇರುವ ದಿನ ಹುಡುಗರನ್ನು ಒಳಗೆ ಬಿಡುತ್ತಿರಲಿಲ್ಲ. ಕಾಕಾ ಬಹಳ ಕಟ್ಟುನಿಟ್ಟು. ಭಾನುವಾರ ದೊಡ್ಡವರ ಆಟ ಮುಗಿದ ಮೇಲೆ ಅರ್ಧ ಗಂಟೆ ಕೋಲು ನಮ್ಮ ಕೈಗೆ ಕೊಡುತ್ತಿದ್ದರು. ಬಿಡದಿ ಹತ್ತಿರ ಚೆಂಡು ಆರಿಸುತ್ತಿದ್ದ ಹಳ್ಳಿ ಹುಡುಗ ಚಿಕ್ಕರಂಗಪ್ಪ ದೊಡ್ಡ ಆಟಗಾರ ಆದ ಕಥೆ ಹೇಳುತ್ತಿದ್ದರು. ಪ್ರತಿ ಭಾನುವಾರ ಅದೇ ಕಥೆ. ನಾನು ಅಷ್ಟು ದೊಡ್ಡ ಆಟಗಾರ ಆಗಲಿಲ್ಲ, ಐಟಿಐ ಮುಗಿಸಿ ಕೆಲಸದಲ್ಲಿದ್ದೇನೆ. ಹೋದ ವರ್ಷ 3,000 ಕಟ್ಟಿ ಸದಸ್ಯನಾದೆ. ಕಟ್ಟುವಾಗ ಖಜಾಂಚಿ, 'ನಿನ್ನ ಹತ್ರ ತಗೊಳೋದಾ' ಅಂದರು. ತಗೊಳ್ಳಲೇಬೇಕು ಅಂತ ಕೊಟ್ಟು ರಸೀದಿ ಹರಿಸಿಕೊಂಡೆ. ರಸೀದಿ ಪಾಕೀಟಿನಲ್ಲೇ ಇದೆ.

ಮಾಮಾ ಒಂದು ಹೇಳಲಿಲ್ಲ. ಇವತ್ತು ಅವರ ಚೆಂಡು ಎರಡು ಸಲ ಆರು ಲಕ್ಷದಲ್ಲಿ ಬಿತ್ತು.

ಕೆಮ್ಮಣ್ಣು | ಭಾನುವಾರ ಬೆಳಿಗ್ಗೆ 10:22

ಒಂದು ಸಲ. ಎರಡನೆಯದು ದಂಡೆಯ ಮೇಲಿತ್ತು.

ತೊಗರಿನಾಡು | ಭಾನುವಾರ ರಾತ್ರಿ 8:50

ಎರಡು ದಿನದಿಂದ ಎಂಟೂ ಜನ ಇದನ್ನೇ ಓದುತ್ತಿದ್ದೇವೆ. ಜಗಳವೂ ಆಯ್ತು. ನಕ್ಷೆ ಬರೆಸಿದವನು ಮುನಿಸಿಕೊಂಡಿದ್ದಾನೆ, 35 ಸಾವಿರ ಕೊಟ್ಟಿದ್ದಾನೆ ಪಾಪ.

ತೊಗರಿ ಹೊಲ ತೊಗರಿಗೇ ಇರಲಿ ಅಂತ ಗೆಳೆಯನ ತಾಯಿ ಮೊದಲೇ ಹೇಳಿದ್ದರಂತೆ. ಅವನು ನಮಗೆ ಹೇಳಿರಲಿಲ್ಲ! ಕಲಬುರಗಿ ಸುತ್ತ ಕಲ್ಲು ತೆಗೆದು ಬಿಟ್ಟ ಗಣಿಗಳು, ಏನೂ ಬೆಳೆಯದ ದಿನ್ನೆಗಳು ಇವೆ. ಶಹಾಬಾದ್, ಚಿತ್ತಾಪುರ ಕಡೆ ಹೋಗಿ ನೋಡೋಣ ಅಂತ ಆಗಿದೆ. ಅದಕ್ಕೂ ಮುಂಚೆ ನಿಮ್ಮ ನೆಲ ಒಮ್ಮೆ ನೋಡಬೇಕು, ಕೆಮ್ಮಣ್ಣು ಸರ್. ಬರಬಹುದಾ?

ಕೆಜಿಎಫ್_ಟು_ವಾಡಿ | ಭಾನುವಾರ ರಾತ್ರಿ 9:02

ಹಳೇ ಗಣಿ ನೋಡುವಾಗ ಹುಷಾರು. ಅಂಚು ಕುಸಿಯುತ್ತದೆ, ಒಳಗೆ ನೀರು ಆಳ ಇರುತ್ತದೆ. ಮಕ್ಕಳು ಬರುವ ಜಾಗಕ್ಕೆ ಅದು ಬೇಡ. ಗಣಿಗಿಂತ ದಿನ್ನೆ ವಾಸಿ. ಬೀದರಿಗೆ ಹೋಗುವ ದಿನ ಹೇಳಿ, ನನ್ನದೂ ಒಂದು ಸೀಟು ಹಿಡಿದಿಡಿ.

ಎರಿಹೊಲ | ಭಾನುವಾರ ರಾತ್ರಿ 9:10

ಕೆಮ್ಮಣ್ಣು ಅವರೇ, ನೀವು ಮಣ್ಣನ್ನು ಹಲಗೆಯಿಂದ ಎಳೆಯುತ್ತೀರಿ ಅಂದಿರಿ. ಹಲಗೆಗೆ ಭಾರ ಸಾಲುವುದಿಲ್ಲ, ಮಣ್ಣು ಅಲೆಅಲೆಯಾಗಿ ನಿಲ್ಲುತ್ತದೆ. ಹೌದೋ ಅಲ್ಲವೋ?

ಕೆಮ್ಮಣ್ಣು | ಭಾನುವಾರ ರಾತ್ರಿ 9:14

ಹೌದು. ಹದಿಮೂರು ವರ್ಷದಿಂದ ಅದೇ ತಲೆನೋವು. ಹೇಗೆ ಗೊತ್ತಾಯ್ತು?

ಎರಿಹೊಲ | ಭಾನುವಾರ ರಾತ್ರಿ 9:20

ಹೊಲ ಮಾಡುವವನಿಗೆ ಗೊತ್ತಾಗದೆ ಇರುತ್ತದಾ? ಅದಕ್ಕೆ ಕೊರಡು ಬೇಕು. ಬಿತ್ತುವ ಮುಂಚೆ ಹೆಂಟೆ ಒಡೆಯಲು ಎಳೆಯುತ್ತೇವಲ್ಲ, ಅದು. ಎತ್ತಿನದು ದೊಡ್ಡದಾಗುತ್ತದೆ. ಮನೆಯಲ್ಲಿ ಹಳೇ ಬೇವಿನ ತೊಲೆ ಬಿದ್ದಿದೆ. ಮನುಷ್ಯ ಎಳೆಯುವ ಅಳತೆಗೆ, ನಾಲ್ಕಡಿ ಕತ್ತರಿಸಿ, ಕೆಳಗೆ ಪಟ್ಟಿ ಹೊಡೆಸಿ ತರುತ್ತೇನೆ. ಕಾರಿನಲ್ಲಿ ಜಾಗ ಇದ್ದರೆ ನಾನೂ ಬರುತ್ತೇನೆ.

ತೊಗರಿನಾಡು | ಭಾನುವಾರ ರಾತ್ರಿ 9:23

ಕಾಕಾ, ಕಾರೇ ನಿಮ್ಮದು ಅನ್ಕೊಳ್ಳಿ. ಕೊರಡು ಮೇಲೆ ಕಟ್ಟೋಣ.

ಕೆಮ್ಮಣ್ಣು | ಭಾನುವಾರ ರಾತ್ರಿ 9:40

ಬರುವ ಭಾನುವಾರ ಬನ್ನಿ. ಆರು ಗಂಟೆಗೆ ಶುರು, ಕಲಬುರಗಿಯಿಂದ ಮೂರಕ್ಕೇ ಬಿಡಬೇಕಾಗುತ್ತದೆ. ಇಲ್ಲವೇ ಶನಿವಾರ ರಾತ್ರಿ ಬಂದು ನಮ್ಮಲ್ಲೇ ಮಲಗಿ. ಬೂಟಿನ ಅಡಿ ಗಟ್ಟಿ ಇರಲಿ. ಬಿಳಿ ಚೆಂಡು ತರಬೇಡಿ, ಚಳಿಗಾಲದಲ್ಲಿ ಒಣ ಹುಲ್ಲಿನಲ್ಲಿ ಕಾಣುವುದಿಲ್ಲ. ಹಳದಿಯದು ನಮ್ಮಲ್ಲಿವೆ. ನಮ್ಮ ಕಾಕಾಗೆ ಈಗ ಮಂಡಿ ನೋವು, ಆಡುವುದಿಲ್ಲ, ಆದರೆ ಒಂದನೇ ಹೋಲಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಮೊದಲು ಅವರಿಗೆ ನಮಸ್ಕಾರ ಮಾಡಿ. ಊರು ನೋಡಬ್ಯಾಡ ಅಂತ ನಿಮಗೂ ಹೇಳುತ್ತಾರೆ.

ಯಾದಗಿರಿ_ಬಿಸಿಲು | ಭಾನುವಾರ ರಾತ್ರಿ 9:48

ನಾನೂ ಬರಬಹುದಾ? ಆಡಲು ಅಲ್ಲ. ಸುಮ್ನೆ ನೋಡಲು.

ಚೆಂಡು_ಹುಡುಗ | ಭಾನುವಾರ ರಾತ್ರಿ 9:50

ಬನ್ನಿ ಸರ್. ಸುಮ್ನೆ ನೋಡಲು ಬಂದವರಿಗೆ ಒಂಬತ್ತು ಗಂಟೆವರೆಗೆ ಕುರಿ ತಡೆಯುವ ಕೆಲಸ ಇರುತ್ತದೆ.